ರೋಗಿಗೆ ರಕ್ತ ಕೊಡುವಾಗಿನ ಪ್ರತಿಕ್ರಿಯೆಯನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ವಿ.ಆರ್. ಮೂಲಕ ಕಲಿಸುವ ಕ್ರಮ

ವರ್ಚುವಲ್ ರಿಯಾಲಿಟಿಯನ್ನು (ವಿ.ಆರ್. – ಕಣ್ಣಿಗೆ ಹೆಡ್‌ಸೆಟ್ ತೊಟ್ಟು, ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೆ ಇದ್ದಂತೆ ಅಭ್ಯಾಸ ಮಾಡುವ ತಂತ್ರ) ತರಗತಿಗೆ ತರುವ ಮುನ್ನ, ಅದು ಯಾವ ಪಾಠಕ್ಕೆ ಬೇಕು ಎಂಬುದನ್ನು ಬೋಧಕರು ತೀರ್ಮಾನಿಸಿಕೊಳ್ಳಬೇಕು. ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕುವುದು, ಬಿ.ಪಿ. ನೋಡುವುದು, ಡ್ರೆಸ್ಸಿಂಗ್ ಮಾಡುವುದು ಕೈಗೆ ಪಳಗಬೇಕಾದ ಕೆಲಸಗಳು. ಅವಕ್ಕೆ ಸ್ಕಿಲ್ ಲ್ಯಾಬಿನ ಮ್ಯಾನಿಕಿನ್ (ಅಭ್ಯಾಸದ ಮಾನವಾಕೃತಿ ಬೊಂಬೆ) ಮತ್ತು ವಾರ್ಡೇ ಸರಿ. ವಾರ್ಡಿನಲ್ಲಿ ಅಪರೂಪಕ್ಕೆ ಎದುರಾಗುವ, ಎದುರಾದಾಗ ವಿದ್ಯಾರ್ಥಿಯನ್ನು ಬದಿಗೆ ಸರಿಸಿ ಹಿರಿಯರೇ ನಿಭಾಯಿಸುವ ಸಂದರ್ಭಗಳಿಗೆ ವಿ.ಆರ್. ನಿಜಕ್ಕೂ ಉಪಯುಕ್ತ. ರೋಗಿಗೆ ರಕ್ತ ಕೊಡುವಾಗ ಆ ರಕ್ತಕ್ಕೆ ದೇಹ ತೋರುವ ತೀವ್ರ ಪ್ರತಿಕ್ರಿಯೆ ಅಂಥದ್ದು.

ಹೆಡ್‌ಸೆಟ್ ತೊಡಿಸುವ ಮೊದಲು ರೋಗಿಯ ಕೇಸ್ ಶೀಟ್ ಓದಿಸಿ, ಕಲಿಯಬೇಕಾದದ್ದನ್ನು ಸ್ಪಷ್ಟವಾಗಿ ಹೇಳಬೇಕು. ವಿದ್ಯಾರ್ಥಿಗಳಲ್ಲಿ ಮೂರ್ಛೆರೋಗ ಇರುವವರನ್ನು ಕೇಳಿ ತಿಳಿದುಕೊಂಡು ಕೈಬಿಡಬೇಕು. ತಲೆಸುತ್ತು ಬರುವವರಿಗೆ ಕುಳಿತೇ ಅಭ್ಯಾಸ ಮಾಡಿಸಿ, ಆರಂಭದ ಅವಧಿಗಳನ್ನು ಹತ್ತು–ಹದಿನೈದು ನಿಮಿಷಕ್ಕೆ ಮಿತಿಗೊಳಿಸುವುದು ಒಳ್ಳೆಯದು. ಹೆಡ್‌ಸೆಟ್ ಒಂದೇ ಇದ್ದರೂ ಚಿಂತೆಯಿಲ್ಲ, ದೃಶ್ಯವನ್ನು ಟಿ.ವಿ. ಪರದೆಗೆ ಹಾಕಿದರೆ ಉಳಿದವರು ಕೈಯಲ್ಲಿ ಚೆಕ್‌ಲಿಸ್ಟ್ ಹಿಡಿದು ಗಮನಿಸಬಹುದು.

ಸನ್ನಿವೇಶ ಹೀಗಿರಲಿ: ರಕ್ತ ಹರಿಯಲು ಶುರುವಾಗಿ ಹತ್ತು ನಿಮಿಷವಾಗಿದೆ. ರೋಗಿ ಚಳಿಯಿಂದ ನಡುಗುತ್ತಾರೆ, ಸೊಂಟದ ಬಳಿ ನೋವೆನ್ನುತ್ತಾರೆ, ನಾಡಿ ಏರಿ ಬಿ.ಪಿ. ಇಳಿಯುತ್ತದೆ. ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಲ್ಲೇ ಇರಬೇಕೆಂಬ ನಿಯಮದ ಅರ್ಥ ಇಲ್ಲಿ ತಾನಾಗಿಯೇ ಮನದಟ್ಟಾಗುತ್ತದೆ. ವಿದ್ಯಾರ್ಥಿ ಎಲ್ಲಕ್ಕಿಂತ ಮೊದಲು ರಕ್ತವನ್ನು ನಿಲ್ಲಿಸಬೇಕು. ಕ್ಯಾನುಲಾ ತೆಗೆಯದೆ, ಹೊಸ ಸೆಟ್ (ಚೀಲದಿಂದ ಕ್ಯಾನುಲಾಗೆ ಹೋಗುವ ಕೊಳವೆ) ಜೋಡಿಸಿ ನಾರ್ಮಲ್ ಸಲೈನ್ (ಉಪ್ಪಿನ ದ್ರಾವಣ) ಹರಿಸುತ್ತಾ ವೈದ್ಯರನ್ನು ಕರೆಯಬೇಕು. ರೋಗಿಯ ಗುರುತನ್ನು ಚೀಲದ ಲೇಬಲ್‌ನೊಂದಿಗೆ ಮತ್ತೆ ತಾಳೆ ನೋಡಬೇಕು. ಚೀಲ ಮತ್ತು ಹಳೆಯ ಸೆಟ್ಟನ್ನು ಎಸೆಯದೆ ರಕ್ತನಿಧಿಗೆ ಕಳುಹಿಸಬೇಕು. ಹಳೆಯ ಸೆಟ್ಟಿನಲ್ಲೇ ಸಲೈನ್ ಬಿಟ್ಟರೆ ಕೊಳವೆಯಲ್ಲಿ ಉಳಿದ ರಕ್ತವೂ ದೇಹ ಸೇರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದವರೂ ಗಾಬರಿಯಲ್ಲಿ ಮರೆಯಬಹುದು. ಆದ್ದರಿಂದಲೇ ಈ ಅಭ್ಯಾಸ ಅಗತ್ಯ.

ಇಂಥ ಸಾಫ್ಟ್‌ವೇರಿನ ರೋಗಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ, ನಮ್ಮ ಜಿಲ್ಲಾಸ್ಪತ್ರೆಯ ರೋಗಿ ಹಾಗಲ್ಲ. ಹಾಗಾಗಿ ಸಹಪಾಠಿಯೊಬ್ಬರಿಂದ ರೋಗಿಯ ಮಾತನ್ನು ಹೇಳಿಸಿ, "ಅಮ್ಮಾ, ಚಳಿ ಆಗ್ತಿದೆಯಾ? ಎಲ್ಲಿ ನೋವು ತೋರಿಸಿ. ರಕ್ತ ನಿಲ್ಲಿಸಿದೀನಿ, ನಾನು ಇಲ್ಲೇ ಇರ್ತೀನಿ" ಎಂದು ಕನ್ನಡದಲ್ಲೇ ಕೇಳುವ, ಧೈರ್ಯ ಹೇಳುವ ರೂಢಿ ಮಾಡಿಸಬೇಕು.

ಹೆಡ್‌ಸೆಟ್ ಕಳಚಿದ ನಂತರದ ಚರ್ಚೆಗೆ, ಅಭ್ಯಾಸಕ್ಕಿಂತ ಹೆಚ್ಚು ಸಮಯ ಮೀಸಲಿಡಬೇಕು. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿನಿಕಲ್ ಅವಧಿಯ (ರೋಗಿಗಳ ನಡುವೆ ಕಲಿಯುವ ಸಮಯದ) ಅರ್ಧದಷ್ಟನ್ನು ಕೃತಕ ಸನ್ನಿವೇಶದ ಅಭ್ಯಾಸಕ್ಕೆ, ಅಂದರೆ ಸಿಮ್ಯುಲೇಷನ್‌ಗೆ ಬಿಟ್ಟರೂ ಕಲಿಕೆ ಕುಗ್ಗಲಿಲ್ಲ; ಆದರೆ ಅಲ್ಲಿ ತರಬೇತಿ ಪಡೆದ ಬೋಧಕರೂ ಕ್ರಮಬದ್ಧ ಚರ್ಚೆಯೂ ಇದ್ದವು, ಮತ್ತು ಅದು ವಿ.ಆರ್. ಕುರಿತ ಅಧ್ಯಯನವಾಗಿರಲಿಲ್ಲ. ಆದಕಾರಣ ವಾರ್ಡಿನ ಗಂಟೆಗಳನ್ನು ಇದರ ಹೆಸರಿನಲ್ಲಿ ಕಡಿಮೆ ಮಾಡಬಾರದು. ಚರ್ಚೆಯಲ್ಲಿ ಅಂಕ ಕೊಡುವ ಬದಲು, "ಬಿ.ಪಿ. ಇಳಿದದ್ದು ಕಂಡಾಗ ಏನು ಯೋಚಿಸಿದಿರಿ?" ಎಂದು ಕೇಳಿ, ಉತ್ತರ ಪೂರ್ತಿ ಬರುವವರೆಗೆ ಕಾಯಬೇಕು, ಬಳಿಕ ಅದೇ ಸನ್ನಿವೇಶವನ್ನು ಅದೇ ವಿದ್ಯಾರ್ಥಿಯಿಂದ ಇನ್ನೊಮ್ಮೆ ಮಾಡಿಸಬೇಕು.