ಇಕಾನಮಿ ಸೀಟಿನಲ್ಲೇ ಅಮೆರಿಕ: ಕಾಲು ಊದದೆ, ಪಕ್ಕದವರ ಜೊತೆ ಮುಖ ಕೆಡಿಸಿಕೊಳ್ಳದೆ

ಈ ಸೊಂಟ ಇಟ್ಟುಕೊಂಡು ಇಕಾನಮಿಯಲ್ಲಿ ಅಮೆರಿಕಕ್ಕೆ ಹೋಗೋದು ಆಗದ ಮಾತು ಅಂತ ನಮ್ಮ ಷಡ್ಡಕರು ಖಡಾಖಂಡಿತ ಹೇಳಿದ್ದರು. ಮಗಳು ಫೋನಿನಲ್ಲಿ, "ಅಪ್ಪ, ಬಿಸಿನೆಸ್ ಕ್ಲಾಸ್ ಮಾಡಿಸ್ತೀನಿ, ಇಲ್ಲಾಂದ್ರೆ ಬರೋದೇ ಬೇಡ" ಅಂದಿದ್ದಳು. ನನ್ನ ಎತ್ತರ ಆರಡಿ ಒಂದಿಂಚು. ಬೆನ್ನುಮೂಳೆಯ ಕೆಳಭಾಗದ ಎಲ್4-ಎಲ್5 ಡಿಸ್ಕ್ ತೊಂದರೆ ಹಳೇದು. ಆದರೂ ಕಳೆದ ಎರಡು ಮೂರು ಪ್ರಯಾಣ ಇಕಾನಮಿಯಲ್ಲೇ ಮುಗಿಸಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಸಂಜೆಯೇ ಮೊಮ್ಮಗನ ಜೊತೆ ಪಾರ್ಕಿಗೆ ಹೋಗಿದ್ದೇನೆ. ಷಡ್ಡಕರು ಈಗ ತಮ್ಮ ಟಿಕೆಟ್ ಮಾಡಿಸುವ ಮೊದಲು ನನಗೇ ಫೋನ್ ಮಾಡುತ್ತಾರೆ.

ಮಕ್ಕಳನ್ನು ನೋಡೋಕೆ ವರ್ಷ ವರ್ಷ ಹೋಗಿಬರುವ ನಮ್ಮಂಥವರಿಗೆ ವೆಬ್ ಚೆಕ್-ಇನ್, ಬ್ಯಾಗಿನ ತೂಕ, ಇಮಿಗ್ರೇಷನ್ ಪ್ರಶ್ನೆ ಎಲ್ಲ ಗೊತ್ತಿರುವುದೇ. ಅದನ್ನೆಲ್ಲ ಬಿಟ್ಟು, ನನಗೆ ಕೈಕೊಟ್ಟದ್ದೇನು, ಕೈಹಿಡಿದದ್ದೇನು ಅಷ್ಟೇ ಬರೆಯುತ್ತೇನೆ.

ಮೊದಲು ಕೈಕೊಟ್ಟ ವಿಷಯ. ಆಗ ಗಲ್ಫ್‌ನ ಒಂದು ಊರಿನ ಮೇಲೆ ಹೋಗುತ್ತಿದ್ದೆ. ಬೆಂಗಳೂರಿನಿಂದ ಅಲ್ಲಿಗೆ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೆಚ್ಚುಕಡಿಮೆ ಹದಿನಾರು. ಟಿಕೆಟ್ ಅಗ್ಗ ಸಿಗುತ್ತಿತ್ತು, ನಿಜ. ಆದರೆ ಆ ಹದಿನಾರು ಗಂಟೆ ಇದೆಯಲ್ಲ, ಅದರಲ್ಲಿ ಹತ್ತು ಗಂಟೆ ಹೇಗೋ ಹೋಗುತ್ತದೆ. ಆಮೇಲಿನ ಆರು ಗಂಟೆಗೆ ಯಾವ ಮದ್ದೂ ಇಲ್ಲ. ಒಂದು ಸಲ ಕಿಟಕಿ ಸೀಟು ತಗೊಂಡಿದ್ದೆ, ಗೋಡೆಗೆ ಒರಗಿ ನಿದ್ದೆ ಮಾಡಬಹುದು ಅಂತ. ಪಕ್ಕದ ಇಬ್ಬರೂ ಗಾಢ ನಿದ್ದೆ. ಅವರನ್ನು ಎಬ್ಬಿಸೋಕೆ ಸಂಕೋಚ. ಏಳಬೇಕಾಗುತ್ತದೆ ಅಂತ ನೀರು ಕುಡಿಯೋದೇ ಬಿಟ್ಟೆ. ಇಳಿಯುವ ಹೊತ್ತಿಗೆ ಪಾದ ಊದಿ ಶೂ ಒಳಗೆ ಹೋಗಲಿಲ್ಲ. ಮಗಳ ಮನೆಯಲ್ಲಿ ಎರಡು ದಿನ ಕಾಲಡಿ ದಿಂಬಿಟ್ಟು ಮಲಗಿದ್ದೆ.

ಅಲ್ಲಿಂದ ಹಣ ಸುರಿಯೋದು ಶುರುವಾಯಿತು. ಜೆಲ್ ಕುಶನ್‌ಗೆ ಎರಡೂವರೆ ಮೂರು ಸಾವಿರ ಕೊಟ್ಟೆ. ಕೂತರೆ ಎರಡು ಇಂಚು ಎತ್ತರವಾಗಿ ಮಂಡಿ ಮುಂದಿನ ಸೀಟಿಗೆ ಇನ್ನೂ ಜಾಸ್ತಿ ಒತ್ತಿತು. ಗಾಳಿ ತುಂಬುವ ಫುಟ್‌ರೆಸ್ಟ್‌ಗೆ ಸಾವಿರದ ಆಸುಪಾಸು. ಊದಿ ಇಟ್ಟ ಐದು ನಿಮಿಷಕ್ಕೆ ಗಗನಸಖಿ ಬಂದು ತೆಗೆಸಿದರು. ಹಲವು ಕಂಪನಿಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಕೊಳ್ಳುವ ಮೊದಲು ವಿಚಾರಿಸಿ. ಜಾಸ್ತಿ ಲೆಗ್‌ರೂಮ್ ಅಂತ ತುರ್ತು ಬಾಗಿಲ ಪಕ್ಕದ ಎಕ್ಸಿಟ್ ಸಾಲಿಗೆ ಹತ್ತು ಹನ್ನೆರಡು ಸಾವಿರ ಕೊಟ್ಟು ನೋಡಿದೆ. ಕಾಲಿಗೆ ಜಾಗ ಸಿಕ್ಕಿತು. ಆದರೆ ಎದುರಿಗೇ ಶೌಚಾಲಯ, ರಾತ್ರಿ ಪೂರ್ತಿ ಕ್ಯೂ. ಟಿವಿ, ಟ್ರೇ ಎಲ್ಲ ಆರ್ಮ್‌ರೆಸ್ಟ್ ಒಳಗೆ ಇರೋದರಿಂದ ಸೀಟು ಬೇರೆ ಇಕ್ಕಟ್ಟು. ಬಲ್ಕ್‌ಹೆಡ್ ಅಂದರೆ ಗೋಡೆ ಎದುರಿನ ಸಾಲು ಇನ್ನೊಂದು ಥರ. ಮಗುವಿನ ತೊಟ್ಟಿಲು ಹಾಕೋದು ಅಲ್ಲೇ. ಮಗು ಅಳೋದು ತಪ್ಪಲ್ಲ, ಅದಕ್ಕೂ ಕಿವಿ ನೋಯುತ್ತಿರುತ್ತದೆ. ಆದರೆ ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ನಿದ್ದೆ ಬರಲಿಲ್ಲ ಅನ್ನಬಾರದು.

ಮುಂದಿನವರು ಸೀಟು ಹಿಂದಕ್ಕೆ ಒರಗಿಸದ ಹಾಗೆ ತಡೆಯುವ ನೀ ಡಿಫೆಂಡರ್ ಅನ್ನೋ ಸಾಧನವೂ ಇದೆ. 2014ರಲ್ಲಿ ಸುಮಾರು ಇಪ್ಪತ್ತೆರಡು ಡಾಲರ್ ಇತ್ತು. ಅದೇ ವರ್ಷ ನ್ಯೂವಾರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬರು ಇದನ್ನು ಹಾಕಿ, ಮುಂದಿನವರು ಅವರ ಮೇಲೆ ನೀರು ಎರಚಿ, ವಿಮಾನ ಶಿಕಾಗೋದಲ್ಲಿ ಇಳಿಯಬೇಕಾಯಿತು. ಅದನ್ನು ಓದಿದ ಮೇಲೆ ಒಂದು ವಿಷಯ ಗಟ್ಟಿಯಾಯಿತು. ಅಕ್ಕಪಕ್ಕದವರನ್ನು ಗೆಲ್ಲೋದರಲ್ಲಿ ಸುಖ ಇಲ್ಲ. ಅವರ ಜೊತೆ ಒಪ್ಪಂದ ಮಾಡಿಕೊಂಡರೆ ಇದೆ.

ನನ್ನ ವಿಧಾನದಲ್ಲಿ ಇರೋದು ಮೂರೇ ಕೆಲಸ: ದಾರಿ, ಸೀಟು, ಮಾತು. ಒಂದಿಲ್ಲದೆ ಇನ್ನೊಂದು ನಡೆಯಲ್ಲ.

ದಾರಿಯ ವಿಷಯದಲ್ಲೇ ಎಲ್ಲರೂ ನನ್ನನ್ನು ವಿರೋಧಿಸಿದ್ದು. 2021ರ ಜನವರಿಯಲ್ಲಿ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಶುರುವಾದಾಗ ನಮ್ಮ ಬಳಗದಲ್ಲಿ ಹಬ್ಬ. ಸುಮಾರು 14,000 ಕಿಲೋಮೀಟರ್. ಆ ಮೊದಲ ಹಾರಾಟವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ನಡೆಸಿಕೊಂಡು ಬಂದರು, ಹೆಮ್ಮೆಯ ವಿಷಯ. ವಯಸ್ಸಾದವರಿಗೆ ನೇರ ವಿಮಾನವೇ ಸರಿ, ಟರ್ಮಿನಲ್ ಬದಲಿಸುವ ರಗಳೆ ಇರಲ್ಲ ಅಂತ ಎಲ್ಲರ ಮಾತು. ಗಾಲಿಕುರ್ಚಿ ಬೇಕಾದವರಿಗೆ ಅದು ಸರಿಯೇ. ಅಷ್ಟು ಹೊತ್ತು ಒಂದೇ ಸಮ ಕೂರೋದು ನನ್ನ ಸೊಂಟಕ್ಕೆ ಸರಿಯಲ್ಲ. ನಾನು ಹಿಡಿದದ್ದು ಫ್ರಾಂಕ್‌ಫರ್ಟ್ ದಾರಿ. ಹತ್ತು ಗಂಟೆ, ಆಮೇಲೆ ಹನ್ನೊಂದು ಗಂಟೆ, ನಡುವೆ ನಾಲ್ಕರಿಂದ ಐದು ಗಂಟೆ ಬಿಡುವು. ಅಮೆರಿಕ ವೀಸಾ ಚಾಲ್ತಿಯಲ್ಲಿದ್ದರೆ ಅಲ್ಲಿ ವಿಮಾನ ಬದಲಿಸೋಕೆ ಬೇರೆ ವೀಸಾ ಬೇಕಿಲ್ಲ. ಆ ಬಿಡುವಿನಲ್ಲಿ ನಾನು ಕೂರೋದೇ ಇಲ್ಲ. ಒಂದೂವರೆ ಗಂಟೆ ನಡೆಯುತ್ತೇನೆ, ಒಂದು ಮೂಲೆಯಲ್ಲಿ ಪಂಚೆ ಹಾಸಿ ಬೆನ್ನು ನೆಲಕ್ಕೆ ಹಾಕಿ ಮಂಡಿ ಮಡಚಿ ಇಪ್ಪತ್ತು ನಿಮಿಷ ಮಲಗುತ್ತೇನೆ. ಯಾರೂ ಏನೂ ಅನ್ನಲ್ಲ. ಟಿಕೆಟ್ ಹತ್ತು ಹದಿನೈದು ಸಾವಿರ ಜಾಸ್ತಿ ಬೀಳುತ್ತದೆ, ಒಪ್ಪಿಕೊಂಡುಬಿಟ್ಟಿದ್ದೇನೆ.

ಈಗ ಸೀಟು. ಐಲ್ ಸೀಟು, ಅಂದರೆ ಓಡಾಡುವ ದಾರಿ ಪಕ್ಕದ ಸೀಟು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಐಲ್ ಅಂತ ಯಾರೂ ಹೇಳಲ್ಲ. ಕಿಟಕಿ ಕಡೆಯ ಮೂರು ಸೀಟಿನ ಐಲ್‌ನಲ್ಲಿ ಕೂತರೆ ಒಳಗಿನ ಇಬ್ಬರಿಗೂ ನೀವೇ ಬಾಗಿಲು. ಅವರು ನಾಲ್ಕು ಸಲ, ಇವರು ಐದು ಸಲ, ನಿಮ್ಮ ನಿದ್ದೆ ಮುಗಿಯಿತು. ನಡುವಿನ ಸಾಲಿನ ಐಲ್ ಹಾಗಲ್ಲ. ಒಂದು ಸಾಲಿನಲ್ಲಿ ಮೂರು-ಮೂರು-ಮೂರು ಸೀಟು, ಅಂದರೆ 3-3-3 ಇರುವ ವಿಮಾನದಲ್ಲಿ ನಡುವಿನ ಒಬ್ಬರು ಮಾತ್ರ ಏಳಬೇಕು, ಅವರಿಗೂ ಆ ಕಡೆ ಇನ್ನೊಂದು ದಾರಿ ಇದೆ. 3-4-3ರಲ್ಲೂ ನಿಮ್ಮ ಪಾಲಿಗೆ ಬರೋದು ಒಬ್ಬರೇ. ಸೀಟಿನ ಅಗಲವನ್ನೂ ನೋಡಿ. ಬೋಯಿಂಗ್ 777 ವಿಮಾನದಲ್ಲಿ ಒಂದು ಸಾಲಿಗೆ ಹತ್ತು ಜನ ಅಂದರೆ ಅಗಲ ಸುಮಾರು 17 ಇಂಚು. ಏರ್‌ಬಸ್ ಎ350ರಲ್ಲಿ ಒಂಬತ್ತು ಜನ, ಸುಮಾರು 18 ಇಂಚು. ಒಂದು ಇಂಚಿನಲ್ಲಿ ಏನಿದೆ ಅನ್ನಬೇಡಿ, ಮೊಣಕೈ ಎಲ್ಲಿ ಇಡೋದು ಅನ್ನೋದು ಆ ಒಂದು ಇಂಚಿನಲ್ಲೇ ತೀರ್ಮಾನ ಆಗುತ್ತದೆ. ಸೀಟು ಆರಿಸೋಕೆ ಒಂದು ಹಾರಾಟಕ್ಕೆ ಎರಡೂವರೆಯಿಂದ ಮೂರು ಸಾವಿರ ಕೊಡುತ್ತೇನೆ. ಈ ಖರ್ಚನ್ನು ಉಳಿಸೋಕೆ ಹೋಗಬೇಡಿ. ಎಷ್ಟನೇ ಸಾಲು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎಲ್ಲರೂ ಅಲ್ಲಿಗೇ ಬಂದರೆ ನಡುವಿನ ಸೀಟು ಖಾಲಿ ಉಳಿಯಲ್ಲ.

ಐಲ್ ಕಡೆಯ ಆರ್ಮ್‌ರೆಸ್ಟ್ ಮೇಲಕ್ಕೆ ಏಳಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಹಳಷ್ಟು ವಿಮಾನಗಳಲ್ಲಿ ಏಳುತ್ತದೆ. ಅದರ ಬುಡದಲ್ಲಿ, ಕೆಳಭಾಗದಲ್ಲಿ, ಬೆರಳಿಗೆ ಸಿಗುವ ಹಾಗೆ ಒಂದು ಗುಂಡಿ ಇರುತ್ತದೆ. ಸೊಂಟ ನೋವಿನವರಿಗೆ ತಿರುಗಿ ಏಳೋಕೆ ಇದು ದೊಡ್ಡ ಉಪಕಾರ. ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಇಳಿಸಿಬಿಡಿ.

ಮೂರನೇದು ಮಾತು. ಇದನ್ನು ಹೇಳಿದರೆ ಜನ ನಂಬಲ್ಲ. ನಮ್ಮನೆಯವರು, "ಗುರುತಿಲ್ಲದವರ ಹತ್ತಿರ ಅದೆಲ್ಲ ಹೇಗೆ ಮಾತಾಡ್ತೀರಿ" ಅಂದಿದ್ದರು. ನಾನು ಸೀಟಿಗೆ ಬಂದ ಹತ್ತು ನಿಮಿಷದಲ್ಲೇ, ಪಕ್ಕದವರು ಹೆಡ್‌ಫೋನ್ ಹಾಕಿಕೊಳ್ಳುವ ಮೊದಲೇ, ನಮಸ್ಕಾರ ಹೇಳಿ ನಾಲ್ಕು ಮಾತು ಮುಗಿಸುತ್ತೇನೆ. "ನಿಮಗೆ ಏಳಬೇಕಾದಾಗ ನನ್ನ ಭುಜ ತಟ್ಟಿ, ನಾನು ನಿದ್ದೆಯಲ್ಲಿದ್ದರೂ ಪರವಾಗಿಲ್ಲ. ನಡುವೆ ಕೂತವರು ನೀವು, ಎರಡೂ ಕಡೆ ಆರ್ಮ್‌ರೆಸ್ಟ್ ನಿಮ್ಮದೇ. ನನಗೆ ಬೆನ್ನಿನ ತೊಂದರೆ, ಗಂಟೆಗೊಮ್ಮೆ ಎದ್ದು ಓಡಾಡ್ತೀನಿ, ಆಗಲೇ ನೀವೂ ಹೋಗಿಬಂದರೆ ಇಬ್ಬರಿಗೂ ಅನುಕೂಲ." ಅಷ್ಟೇ. ಆರ್ಮ್‌ರೆಸ್ಟ್ ಬಿಟ್ಟುಕೊಟ್ಟ ತಕ್ಷಣ ಪಕ್ಕದವರ ಮುಖ ಸಡಿಲವಾಗುತ್ತದೆ. ಆಮೇಲೆ ಅವರೇ ಭುಜ ಕುಗ್ಗಿಸಿ ಜಾಗ ಕೊಡುತ್ತಾರೆ. ಹಿಂದಿನವರಿಗೂ ಒಂದು ಮಾತು: "ಊಟ ಆದ ಮೇಲೆ ಸೀಟು ನಿಧಾನಕ್ಕೆ ಒರಗಿಸ್ತೀನಿ, ನಿಮ್ಮ ಟ್ರೇ ಮೇಲೆ ಏನಾದ್ರೂ ಇದ್ರೆ ಹೇಳಿ." ಮುಂದಿನವರಿಗೂ ಇದನ್ನೇ ಕೇಳಿಕೊಳ್ಳುತ್ತೇನೆ. ಹೇಳಿ ಒರಗಿಸಿದರೆ ಸಿಟ್ಟು ಬರಲ್ಲ, ಹೇಳದೆ ಧಡ್ ಅಂತ ಒರಗಿಸಿದರೆ ಕಾಫಿ ಚೆಲ್ಲುತ್ತದೆ.

ಮಾತಾಡಿದ್ದಕ್ಕೆ ಕಥೆ ಹೇಳುತ್ತಾ ಕೂತುಬಿಡುತ್ತಾರೆ ಅನ್ನೋ ಭಯ ಬೇಡ. ನಾಲ್ಕು ಮಾತು ಮುಗಿಸಿ ನಾನೇ ಕಣ್ಣುಮುಚ್ಚುತ್ತೇನೆ. ಇದುವರೆಗೆ ಒಬ್ಬರೇ ಒಬ್ಬರು ಮಾತ್ರ ಬೇಡ ಅನ್ನುವ ಹಾಗೆ ತಿರುಗಿಕೊಂಡರು. ಅವರೂ ಹಾರಾಟದ ಕೊನೆಗೆ ನನ್ನ ಬ್ಯಾಗ್ ಇಳಿಸಿಕೊಟ್ಟರು.

ಈ ಮಾತಿನಿಂದ ಸಿಗುವ ದೊಡ್ಡ ಲಾಭ ನೀರು. ಕ್ಯಾಬಿನ್ ಗಾಳಿಯಲ್ಲಿ ತೇವಾಂಶ ಸುಮಾರು 10ರಿಂದ 20 ಶೇಕಡಾ. ಗಂಟಲು, ಮೂಗು ಒಣಗಿ ಹೋಗುತ್ತದೆ. ಏಳೋಕೆ ಸಂಕೋಚ ಇಲ್ಲ ಅಂದಮೇಲೆ ಧಾರಾಳವಾಗಿ ಕುಡಿಯಬಹುದು. ಕುಡಿದರೆ ಏಳಲೇಬೇಕು. ಎದ್ದರೆ ಕಾಲಿನಲ್ಲಿ ರಕ್ತ ಓಡಾಡುತ್ತದೆ. ನಾನು ಅಲಾರಂ ಇಟ್ಟುಕೊಳ್ಳುವ ಬದಲು ನೀರು ಕುಡಿಯುತ್ತೇನೆ. ಖಾಲಿ ಬಾಟಲಿ ಸೆಕ್ಯುರಿಟಿ ದಾಟಿಸಿ ಒಳಗೆ ತುಂಬಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು: ನಾಲ್ಕು ಗಂಟೆಗೆ ಮೀರಿ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ. ಆರೋಗ್ಯವಾಗಿರುವವರಲ್ಲಿ ಅದು 6,000ಕ್ಕೆ ಒಬ್ಬರಷ್ಟು ಕಡಿಮೆಯೇ. ಆದರೆ ತುಂಬಾ ಎತ್ತರದವರು, ತುಂಬಾ ಕುಳ್ಳಗಿರುವವರು, ತೂಕ ಜಾಸ್ತಿ ಇರುವವರು ಎಚ್ಚರವಾಗಿರಬೇಕು.

ಸಾಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಮಂಡಿ ಕೆಳಗಿನ ಕಂಪ್ರೆಷನ್ ಸಾಕ್ಸ್, ಬಿಗಿತ 15-20 ಎಂಎಂಎಚ್‌ಜಿ, ಮೆಡಿಕಲ್ ಶಾಪಿನಲ್ಲಿ ಸಾವಿರದ ಇನ್ನೂರೋ ಏನೋ. ಅಳತೆ ಬೆಳಿಗ್ಗೆ ಎದ್ದ ತಕ್ಷಣ ತಗೊಳ್ಳಿ. ನಮ್ಮ ವಿಮಾನಗಳು ಹೊರಡೋದು ನಡುರಾತ್ರಿ ಕಳೆದ ಮೇಲೆ, ಅಷ್ಟರಲ್ಲಿ ದಿನವಿಡೀ ನಿಂತು ಕಾಲು ಭಾರವಾಗಿರುತ್ತದೆ. ಸಂಜೆ ಅರ್ಧ ಗಂಟೆ ಕಾಲು ಗೋಡೆಗೆ ಎತ್ತಿ ಮಲಗಿ, ಆಮೇಲೆ ಹಾಕಿಕೊಂಡು ಮನೆ ಬಿಡಿ. ಸಕ್ಕರೆ ಕಾಯಿಲೆ ಇರುವವರು, ಕಾಲಿನ ರಕ್ತನಾಳ ಕಟ್ಟಿಕೊಂಡಿರುವವರು ಡಾಕ್ಟರನ್ನು ಕೇಳದೆ ಹಾಕಬೇಡಿ.

ಬೆನ್ನಿಗೆ ಯಾವ ದಿಂಬೂ ನನ್ನ ಹಳೇ ಕಾಟನ್ ಪಂಚೆಗೆ ಸಮ ಇಲ್ಲ. ಮಡಚಿ, ಸುತ್ತಿ, ಸೊಂಟದ ಗುಳಿಗೆ ಇಡೋದು. ಎರಡು ಗಂಟೆಗೊಮ್ಮೆ ಒಂದು ಸುತ್ತು ಬಿಚ್ಚಿ ದಪ್ಪ ಬದಲಿಸೋದು. ಎಷ್ಟು ಇಂಚಿನಿಂದ ಶುರು ಮಾಡಬೇಕು ಅನ್ನೋದು ಅವರವರ ಬೆನ್ನಿನ ಲೆಕ್ಕ. ಕತ್ತಿನ ಯು ಆಕಾರದ ದಿಂಬನ್ನು ತಿರುಗಿಸಿ, ತೆರೆದ ಭಾಗ ಹಿಂದೆ ಬರುವ ಹಾಗೆ ಹಾಕಿ. ಗದ್ದಕ್ಕೆ ಆಸರೆ ಸಿಕ್ಕರೆ ತಲೆ ಪಕ್ಕದವರ ಭುಜಕ್ಕೆ ಬೀಳಲ್ಲ.

ಊಟದಲ್ಲೂ ಒಂದಿಷ್ಟು ಪ್ರಯೋಗ ಮಾಡಿದ್ದೇನೆ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ನೆಲದ ಹಾಗಿರಲ್ಲ. ಬೋಯಿಂಗ್ 787, ಎ350 ಥರದ ಹೊಸ ವಿಮಾನದಲ್ಲಿ ಅದು ಸುಮಾರು 6,000 ಅಡಿ ಎತ್ತರದ ಒತ್ತಡ, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಕೆಳಗೆ. ಹಳೇ ಮಾದರಿಗಳಲ್ಲಿ 8,000 ಅಡಿವರೆಗೂ ಹೋಗುತ್ತದೆ, ಊಟಿಗಿಂತ ಮೇಲೆ. ಒತ್ತಡ ಇಳಿದರೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಹಾಗಾಗಿ ಹೊರಡುವ ದಿನ ಕಡಲೆ, ಅವರೆ, ಹುರುಳಿ, ಕೋಸು ಮುಟ್ಟಲ್ಲ. ಇದು ನಮ್ಮ ಸುಖಕ್ಕೆ ಮಾತ್ರ ಅಲ್ಲ, ಪಕ್ಕದವರ ಮರ್ಯಾದೆಗೂ. ಮನೆಯಿಂದ ಗೊಜ್ಜವಲಕ್ಕಿ ಒಯ್ದೆ, ಚೆನ್ನಾಗಿತ್ತು. ಪುಳಿಯೋಗರೆ ಒಯ್ದಾಗ ಇಂಗಿನ ವಾಸನೆ ಮೂರು ಸಾಲಿಗೆ ಹಬ್ಬಿತು, ಒಬ್ಬ ಹೆಂಗಸು ಮೂಗು ಮುಚ್ಚಿಕೊಂಡರು. ಆಮೇಲೆ ಒಯ್ಯಲಿಲ್ಲ. ಊಟಕ್ಕೆ ಏಷ್ಯನ್ ವೆಜ್, ಎವಿಎಂಎಲ್ ಅಂತ ಮೊದಲೇ ಬುಕ್ ಮಾಡಿ. ವಿಶೇಷ ಊಟ ಎಲ್ಲರಿಗಿಂತ ಮುಂಚೆ ಬರುತ್ತದೆ. ಟ್ರಾಲಿ ಇನ್ನೂ ಹಿಂದೆ ಇರುವಾಗಲೇ ನಾನು ಮುಗಿಸಿ, ಶೌಚಾಲಯದ ಕ್ಯೂ ಶುರುವಾಗುವ ಮೊದಲೇ ಹೋಗಿಬಂದಿರುತ್ತೇನೆ. ಖಾಲಿ ತಟ್ಟೆ ಬೇಗ ತೆಗೆಸಿಕೊಳ್ಳೋಕೆ ಸಿಬ್ಬಂದಿ ಹತ್ತಿರ ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯಲ್ಲ, ಸಿಕ್ಕಾಗ ಕೇಳಿ, ಹೇಳುತ್ತೇನೆ.

ಸೀಟು ಬದಲಿಸಿಕೊಡಿ ಅಂತ ಕೇಳುವವರ ವಿಷಯ ಬಾಕಿ ಇದೆ. ನಮ್ಮ ವಿಮಾನಗಳಲ್ಲಿ ಇದು ತಪ್ಪದು. "ಅಂಕಲ್, ನಾವು ಒಂದೇ ಫ್ಯಾಮಿಲಿ" ಅಂತ ಬರುತ್ತಾರೆ. ಐಲ್‌ಗೆ ಐಲ್ ಆದರೆ ಸಂತೋಷವಾಗಿ ಎದ್ದುಹೋಗುತ್ತೇನೆ. ನಡುವಿನ ಸೀಟಿಗಾದರೆ, "ಬೆನ್ನಿಗಾಗಿ ದುಡ್ಡು ಕೊಟ್ಟು ತಗೊಂಡಿದ್ದೀನಮ್ಮ, ಆಗಲ್ಲ" ಅಂತ ಮೊದಲ ಮಾತಿನಲ್ಲೇ ಹೇಳಿಬಿಡುತ್ತೇನೆ. ಎಳೆದಾಡಿದರೆ ಇಬ್ಬರಿಗೂ ಬೇಜಾರು.

ಒಟ್ಟು ಲೆಕ್ಕ ಹೀಗಿದೆ. ಬಿಸಿನೆಸ್ ಕ್ಲಾಸ್‌ಗೆ ಹೋಗಿಬರೋಕೆ ಮಗಳು ವಿಚಾರಿಸಿದಾಗ ಮೂರೂವರೆ ಲಕ್ಷದ ಮೇಲೆ ಹೇಳಿದ್ದರು. ಪ್ರೀಮಿಯಂ ಇಕಾನಮಿಗೆ ಎಪ್ಪತ್ತು ಎಂಬತ್ತು ಸಾವಿರ ಜಾಸ್ತಿ. ನನಗೆ ಮಾಮೂಲಿ ಟಿಕೆಟ್ ಮೇಲೆ, ದಾರಿ ಬದಲಿಸಿದ್ದು, ನಾಲ್ಕು ಹಾರಾಟದ ಸೀಟು, ಸಾಕ್ಸ್ ಎಲ್ಲ ಸೇರಿ ಇಪ್ಪತ್ತೈದು ಸಾವಿರದೊಳಗೆ ಆಯಿತು. ಮುಂದಿನ ಸಲ ಎರಡೂ ಹಾರಾಟ 6,000 ಅಡಿಯ ಹೊಸ ವಿಮಾನದಲ್ಲೇ ಸಿಗುವ ಹಾಗೆ ಹುಡುಕುತ್ತಿದ್ದೇನೆ. ಒಂದೆರಡು ದಾರಿ ಕಣ್ಣಿಗೆ ಬಿದ್ದಿವೆ, ಆದರೆ ನಡುವಿನ ಬಿಡುವು ಎರಡು ಗಂಟೆಗೆ ಇಳಿಯುತ್ತದೆ. ಅಷ್ಟರಲ್ಲಿ ನಡೆದು, ಮಲಗಿ, ಗೇಟಿಗೆ ಹೋಗೋಕೆ ಆಗಲ್ಲ. ಆ ದಾರಿಯಲ್ಲಿ ಯಾರಾದರೂ ಹೋಗಿಬಂದಿದ್ದರೆ ಬಿಡುವಿನ ಹೊತ್ತು ಎಷ್ಟು ಸಿಕ್ಕಿತು ಅಂತ ತಿಳಿಸಿ.