ಹಳೇ ಕಂಪ್ಯೂಟರಿಗೆ ನೆಟ್ ಕೊಡುವ ಮುಂಚೆ ಕ್ವಿಕ್‌ಟೈಮ್ ತೆಗೆಯಿರಿ

ಆಗುಂಬೆ ರಸ್ತೆಯಿಂದ ಒಳಗೆ ಹೋದರೆ ನಮ್ಮ ದೊಡ್ಡಪ್ಪನ ಮನೆ. ಅಲ್ಲಿಗೆ ಈಗ ಫೈಬರ್ ನೆಟ್ ಬಂದಿದೆ. ಅಲ್ಲೀವರೆಗೆ ಫೋನಿಗೆ ಸಿಗ್ನಲ್ ಬೇಕಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕಿತ್ತು. ಜಗಲಿ ಮೂಲೆಯ ವಿಂಡೋಸ್ 7 ಕಂಪ್ಯೂಟರು ನೆಟ್ಟಿನ ಮುಖ ಕಂಡದ್ದೇ ಇಲ್ಲ. ಅದರಲ್ಲಿರೋದೆಲ್ಲ ಊರಿನ ಯಕ್ಷಗಾನ ಆಟದ ವಿಡಿಯೊ, ಹಳೇ ಡಿಜಿಟಲ್ ಕ್ಯಾಮೆರಾದ ಎಂಒವಿ ಫೈಲುಗಳು.

"ಇದಕ್ಕೂ ಒಂದು ವಯರ್ ಕೊಟ್ಟು ಹೋಗು ಮಾರಾಯ" ಅಂದರು ದೊಡ್ಡಪ್ಪ. ನಾನು ಕೊಡಲಿಲ್ಲ. ಆ ವಿಡಿಯೊ ನೋಡಲಿಕ್ಕೆ ಅಂತ ಯಾರೋ ಸಿಡಿಯಿಂದ ಆಪಲ್ ಕಂಪನಿಯ ವಿಡಿಯೊ ಪ್ಲೇಯರ್ ಕ್ವಿಕ್‌ಟೈಮ್ 7 ಹಾಕಿಕೊಟ್ಟಿದ್ದರು, ಬ್ರೌಸರ್ ಪ್ಲಗ್‌ಇನ್ ಸಮೇತ. ಪ್ಲಗ್‌ಇನ್ ಅಂದರೆ ಬ್ರೌಸರಿನೊಳಗೇ ವಿಡಿಯೊ ಓಡಿಸಲಿಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಮು.

ಎಂಒವಿ ಫೈಲು ಅಂದರೆ ಒಳಗೊಳಗೆ ಜೋಡಿಸಿದ ಪೆಟ್ಟಿಗೆಗಳು. ಇವಕ್ಕೆ ಆ್ಯಟಮ್ ಅಂತಾರೆ. ಪ್ರತಿ ಪೆಟ್ಟಿಗೆಯ ಮೊದಲಲ್ಲೇ ಅದರ ಅಳತೆ, ಹೆಸರು ಬರೆದಿರುತ್ತೆ. ಅಡಿಕೆ ಚೀಲದ ಮೇಲಿನ ಚೀಟಿ ನೋಡಿ ಇಷ್ಟೇ ಅಂತ ಜಾಗ ಮಾಡಿ, ಸುರಿದಾಗ ಪಕ್ಕದವರ ರಾಶಿ ಮೇಲೂ ಚೆಲ್ಲಿದರೆ ಹೇಗೋ, ಪೆಟ್ಟಿಗೆಯಲ್ಲಿ ಬರೆದ ಸಂಖ್ಯೆ ಸುಳ್ಳಾದರೆ ಇದೂ ಹಾಗೆ. 2016ರಲ್ಲಿ ವಿಂಡೋಸಿನ ಕ್ವಿಕ್‌ಟೈಮಲ್ಲಿ ಇಂಥವೇ ಎರಡು ದೋಷ ಸಿಕ್ಕವು. ಒಂದು 'ಮೂವ್' ಅನ್ನೋ ಆ್ಯಟಮ್‌ನಲ್ಲೇ ಇತ್ತು. ಅದರಲ್ಲಿ ಸುಳ್ಳು ಸಂಖ್ಯೆ ತುಂಬಿದರೆ ಮೆಮೊರಿಯಲ್ಲಿ ತನಗೆ ಕೊಟ್ಟ ಜಾಗ ದಾಟಿ ಬರೆಯಬಹುದು, ಅಲ್ಲಿಂದ ಕಳ್ಳನ ಕೋಡ್ ಓಡಿಸಬಹುದು.

ಫೈಲಾದರೆ ನೀವೇ ತೆರೆಯಬೇಕು. ಪ್ಲಗ್‌ಇನ್ ಇದ್ದರೆ ಪುಟ ತೆರೆದರೆ ಸಾಕು, ಅಲ್ಲಿಟ್ಟ ವಿಡಿಯೊ ತಾನಾಗೇ ಶುರುವಾಗಬಹುದು. ನನಗೆ ಹೆದರಿಕೆ ಇದರದ್ದೇ.

ಆಪಲ್ ಈ ದೋಷ ಸರಿಮಾಡಲಿಲ್ಲ, ವಿಂಡೋಸಿನ ಕ್ವಿಕ್‌ಟೈಮನ್ನೇ ಕೈಬಿಟ್ಟಿತು. 2016ರ ಏಪ್ರಿಲ್ 14ರಂದು ಅಮೆರಿಕ ಸರ್ಕಾರದ ಸೈಬರ್ ತಂಡವೂ ಅದನ್ನು ತೆಗೆದುಹಾಕಿ ಅಂತ ಎಚ್ಚರಿಸಿತು. ಅದೇ ವರ್ಷದ ಜನವರಿಯಲ್ಲಿ ಬಂದ ಕೊನೇ ಆವೃತ್ತಿ 7.7.9 ಪ್ಲಗ್‌ಇನ್ನನ್ನು ತಾನೇ ಕಳಚುತ್ತಿತ್ತು. ಆದರೆ ನಮ್ಮ ಮನೆಯಂಥ ಕಡೆ ಆ ಅಪ್‌ಡೇಟ್ ಬರಲಿಕ್ಕೆ ನೆಟ್ ಎಲ್ಲಿತ್ತು?

ಈಗ ಕೆಲಸ. ನೆಟ್ ವಯರು ದೂರ ಇರಲಿ. ಮೊದಲು ವಿಡಿಯೊಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಬೇರೆ ಕಂಪ್ಯೂಟರಿನಲ್ಲಿ ಒಂದೆರಡನ್ನು ಪೂರ್ತಿ ಓಡಿಸಿ ನೋಡಿ. ಈ ಹೆಜ್ಜೆ ಬಿಡಬೇಡಿ. ಆ ಭಾಗವತರ ಪದ ಇನ್ನೊಮ್ಮೆ ಸಿಗೋದಿಲ್ಲ.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್‌ಗಳ ಪಟ್ಟಿ ತೆರೆದು ಕ್ವಿಕ್‌ಟೈಮ್ ಅನ್‌ಇನ್‌ಸ್ಟಾಲ್ ಮಾಡಿ. ಅಲ್ಲೇ ಫ್ಲ್ಯಾಶ್ ಪ್ಲೇಯರ್, ಸಿಲ್ವರ್‌ಲೈಟ್ ಇದ್ದರೆ ಅವನ್ನೂ ತೆಗೆಯಿರಿ, ಅವೂ ಇಂಥವೇ ಹಳೇ ಬ್ರೌಸರ್ ಪ್ಲಗ್‌ಇನ್‌ಗಳು. ಫ್ಲ್ಯಾಶಿನ ಬೆಂಬಲ 2020ರ ಕೊನೆಗೆ ಮುಗಿಯಿತು, ಸಿಲ್ವರ್‌ಲೈಟಿನದು 2021ರ ಅಕ್ಟೋಬರಿನಲ್ಲಿ. ಫ್ಲ್ಯಾಶ್ ಎರಡು ಹೆಸರಲ್ಲಿ ಕೂತಿರಬಹುದು: ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಆ್ಯಕ್ಟಿವ್‌ಎಕ್ಸ್, ಫೈರ್‌ಫಾಕ್ಸಿಗೆ ಎನ್‌ಪಿಎಪಿಐ. ಒಂದನ್ನು ತೆಗೆದು ಇನ್ನೊಂದನ್ನು ಮರೆಯುವವರೇ ಜಾಸ್ತಿ. ರೀಸ್ಟಾರ್ಟ್ ಮಾಡಿ, ಎಕ್ಸ್‌ಪ್ಲೋರರಿನ 'ಮ್ಯಾನೇಜ್ ಆ್ಯಡ್-ಆನ್ಸ್'ನಲ್ಲಿ 'ಆಲ್ ಆ್ಯಡ್-ಆನ್ಸ್' ಆರಿಸಿ, ಹಳೇ ಫೈರ್‌ಫಾಕ್ಸಲ್ಲಿ 'ಪ್ಲಗ್‌ಇನ್ಸ್' ಪಟ್ಟಿ ತೆರೆದು, ಏನೂ ಉಳಿದಿಲ್ಲ ಅಂತ ಕಣ್ಣಾರೆ ನೋಡಿ.

ವಿಡಿಯೊ ನೋಡಲಿಕ್ಕೆ ವಿಎಲ್‌ಸಿ ಅನ್ನೋ ಪ್ಲೇಯರ್ ಸಾಕು. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಮಾಡುವ ವಿಡಿಯೊಲ್ಯಾನ್ ಅವರ ಸ್ವಂತ ಸೈಟಿನಿಂದಲೇ ಇಳಿಸಿಕೊಂಡು ಪೆನ್‌ಡ್ರೈವಲ್ಲಿ ತನ್ನಿ. ಇನ್‌ಸ್ಟಾಲ್ ಆಗುವಾಗ ಮೊಝಿಲ್ಲಾ ಪ್ಲಗ್‌ಇನ್, ಆ್ಯಕ್ಟಿವ್‌ಎಕ್ಸ್ ಪ್ಲಗ್‌ಇನ್ ಅಂತ ಟಿಕ್ ಕಂಡರೆ ತೆಗೆಯಿರಿ. ಪ್ಲೇಯರ್ ಬೇಕು, ಬ್ರೌಸರಿನೊಳಗೆ ಅದರ ಬಾಲ ಬೇಡ. ಕ್ರೋಮ್ 2015ರಲ್ಲೇ ಆ ಹಳೇ ಎನ್‌ಪಿಎಪಿಐ ಪ್ಲಗ್‌ಇನ್‌ಗಳನ್ನು ನಿಲ್ಲಿಸಿತು, ಈಗಿನ ಬ್ರೌಸರುಗಳು ವಿಡಿಯೊ ತಾವೇ ಓಡಿಸುತ್ತವೆ. ಹಾಗಾಗಿ "ಈ ಪ್ಲಗ್‌ಇನ್ ಹಾಕಿದರೆ ಮಾತ್ರ ವಿಡಿಯೊ" ಅನ್ನೋ ಪುಟವನ್ನು ಅಲ್ಲೇ ಮುಚ್ಚಿ.

ಇಷ್ಟಾದರೂ ವಿಂಡೋಸ್ 7ಕ್ಕೆ ನೆಟ್ ಕೊಡಬೇಡಿ ಅಂತಲೇ ನನ್ನ ಮಾತು. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ದೊಡ್ಡಪ್ಪನ ಮನೆಯಲ್ಲಿ ವಯರು ಈಗ ಅತ್ತಿಗೆಯ ಹೊಸ ಲ್ಯಾಪ್‌ಟಾಪಿಗೆ ಹೋಗಿದೆ. ಹಳೇ ಕಂಪ್ಯೂಟರು ಜಗಲಿಯಲ್ಲೇ ಇದೆ, ರಾತ್ರಿ ಊಟ ಆದಮೇಲೆ ಅದರಿಂದ ಚೆಂಡೆ ಕೇಳುತ್ತೆ.