ಎಂಟು ಹಾಕಿದ ಮೇಲಿನ ಪಾಠ

ವಿಜಯನಗರದ ಕಡೆ ಡ್ರೈವಿಂಗ್ ಸ್ಕೂಲ್ ನಡೆಸುವ ನಾನು ಬಹಳ ವರ್ಷ ಒಂದೇ ಕ್ರಮದಲ್ಲಿ ಪಾಠ ಹೇಳಿಕೊಟ್ಟೆ. ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸುವುದು, 30 ದಿನ ಕಾಯುವುದು, ಅಷ್ಟರೊಳಗೆ ಕಾಲು ನೆಲಕ್ಕೆ ತಾಗದಂತೆ ದ್ವಿಚಕ್ರ ಗಾಡಿಯನ್ನು 8ರ ಆಕಾರದಲ್ಲಿ ಓಡಿಸುವುದನ್ನು, ಅಂದರೆ ಎಂಟು ಹಾಕುವುದನ್ನು ಕಲಿಸಿ ಆರ್‌ಟಿಒ ಟ್ರ್ಯಾಕ್‌ಗೆ ಕರೆದೊಯ್ಯುವುದು. ಎಂಟು ಹಾಕಿದರೆ ಸಮತೋಲನ ಬರುತ್ತದೆ ಎಂಬುದು ನಿಜ. ಆದರೆ ಅದು ನಡಿಗೆಯ ವೇಗದಲ್ಲಿ ನಡೆಯುವ ಪರೀಕ್ಷೆ. ವೇಗವಾಗಿ ಹೋಗುತ್ತಿರುವ ಗಾಡಿಯನ್ನು ಹೇಗೆ ನಿಲ್ಲಿಸಬೇಕೆಂಬುದನ್ನು ಅದು ಕಲಿಸುವುದಿಲ್ಲ.

ಇದು ನನಗೆ ಅರ್ಥವಾದದ್ದು ನನ್ನ ಬಳಿಯೇ ಕಲಿತು, ಮೊದಲ ಸಲಕ್ಕೇ ಪಾಸಾದ 19 ವರ್ಷದ ಹುಡುಗನೊಬ್ಬ ಮೂರು ವಾರದೊಳಗೆ ಮೈಸೂರು ರಸ್ತೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ. ಮಳೆ ಬಂದು ನಿಂತಿತ್ತು, ಮುಂದಿನ ಆಟೋ ಹಠಾತ್ತನೆ ನಿಂತಿತು, ಅವನು ಹಿಂದಿನ ಬ್ರೇಕನ್ನಷ್ಟೇ ಬಲವಾಗಿ ಒತ್ತಿದ. ಚಕ್ರ ಲಾಕ್ ಆಗಿ ಗಾಡಿ ಜಾರಿತು. ನೋಡಲು ಹೋದಾಗ ಅವನು, "ಮುಂದಿನ ಬ್ರೇಕ್ ಮುಟ್ಟಬೇಡ ಅಂತ ನೀವೇ ಹೇಳಿದ್ರಲ್ಲ ಸರ್" ಎಂದ. ಹೌದು, ಹೇಳಿದ್ದೆ. ಹ್ಯಾಂಡಲ್ ತಿರುಗಿಸಿಕೊಂಡು ಎಂಟು ಹಾಕುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆ ಎಂಬ ಕಾರಣಕ್ಕೆ ಹೇಳಿದ್ದ ಮಾತನ್ನು ಅವನು ರಸ್ತೆಗೂ ಒಯ್ದಿದ್ದ. ಅಲ್ಲಿ ಅದು ಅನ್ವಯಿಸುವುದಿಲ್ಲ ಎಂದು ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಅಲ್ಲಿಂದ ಪಾಠ ಬದಲಾಯಿತು. ಪರಿಚಯದ ಪಿಯು ಕಾಲೇಜೊಂದರ ಆವರಣದಲ್ಲಿ ನೇರವಾದ ಉದ್ದನೆಯ ಡಾಂಬರು ದಾರಿಯಿದೆ. ಲೈಸೆನ್ಸ್ ಪಡೆದವರಿಗೆ ಭಾನುವಾರ ಬೆಳಿಗ್ಗೆ ಅಲ್ಲಿ ಶುಲ್ಕವಿಲ್ಲದೆ ತರಗತಿ ನಡೆಸುತ್ತೇನೆ. ಮೊದಲು ಸುಣ್ಣದ ಪುಡಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಮೀಟರ್‌ನಲ್ಲಿ 40 ಇರುವಾಗ ಈ ಗೆರೆಯ ಬಳಿ ನಾನು ಸೀಟಿ ಊದಿದರೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ, ಅವರವರು ಊಹಿಸಿದ ಜಾಗದಲ್ಲಿ ಒಂದೊಂದು ಕಲ್ಲು ಇಡಿಸುತ್ತೇನೆ. ಹೆಚ್ಚಿನ ಕಲ್ಲುಗಳು ಗೆರೆಯಿಂದ ಏಳೆಂಟು ಹೆಜ್ಜೆಯೊಳಗೇ ಇರುತ್ತವೆ. ಆಮೇಲೆ ಒಬ್ಬೊಬ್ಬರೇ ಓಡಿಸುತ್ತಾರೆ, ಟೇಪ್ ಹಿಡಿದು ಅಳೆಯುತ್ತೇವೆ. ತಾನಿಟ್ಟ ಕಲ್ಲನ್ನು ದಾಟಿ ಎಷ್ಟೋ ದೂರ ಹೋಗಿ ನಿಂತವರ ಮುಖ ನೋಡಿದ ಮೇಲೆ, ಭಾಷಣ ಮಾಡುವ ಆಸೆ ನನಗೆ ಪೂರ್ತಿ ಬಿಟ್ಟುಹೋಗಿದೆ.

ಲೆಕ್ಕವನ್ನು ಆಗ ಹೇಳುತ್ತೇನೆ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಒತ್ತುವುದರೊಳಗೆ ಸುಮಾರು ಒಂದು ಸೆಕೆಂಡ್ ಕಳೆದು ಗಾಡಿ 10 ಮೀಟರ್ ಹೋಗಿರುತ್ತದೆ, ಒಣ ರಸ್ತೆಯಲ್ಲಿ ಸಾಧಾರಣವಾಗಿ ಬ್ರೇಕ್ ಹಾಕಿದರೆ ನಿಲ್ಲಲು ಇನ್ನೂ 10 ಮೀಟರ್ ಬೇಕು. ವೇಗ 72ಕ್ಕೆ ಏರಿದರೆ ಮೊದಲನೆಯದು 20 ಮೀಟರ್, ಎರಡನೆಯದು 40 ಮೀಟರ್, ಏಕೆಂದರೆ ವೇಗ ಇಮ್ಮಡಿಯಾದಾಗ ಬ್ರೇಕ್ ದೂರ ನಾಲ್ಕು ಪಟ್ಟಾಗುತ್ತದೆ. ಆ 60 ಮೀಟರನ್ನು ಯಾರಿಂದಲೂ ಓಡಿಸಿ ತೋರಿಸುವುದಿಲ್ಲ, ಎಲ್ಲರನ್ನೂ ನಡೆಸುತ್ತೇನೆ. ಹರಟುತ್ತಾ ಹೊರಟವರು ಅರ್ಧ ದಾರಿಗೆ ಸುಮ್ಮನಾಗುತ್ತಾರೆ.

ಬಳಿಕ ಬ್ರೇಕ್ ಅಭ್ಯಾಸ. ಗಾಡಿ ನಿಧಾನವಾಗುವಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಟೈರಿಗೆ ಹಿಡಿತ ಹೆಚ್ಚು. ಹಾಗಾಗಿ ಹ್ಯಾಂಡಲ್ ನೆಟ್ಟಗಿಟ್ಟು, ಎರಡೂ ಬ್ರೇಕ್‌ಗಳನ್ನು ನಿಂಬೆಹಣ್ಣು ಹಿಂಡಿದಂತೆ ಬರಬರುತ್ತಾ ಬಿಗಿಮಾಡಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಂಚುವ ಸಿಬಿಎಸ್ ಇಲ್ಲವೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದಕ್ಕೂ ಮೇಲ್ಪಟ್ಟವಕ್ಕೆ ಎಬಿಎಸ್ಸೇ ಕಡ್ಡಾಯವಾಯಿತು. ಆದರೆ ಮಕ್ಕಳ ಕೈಗೆ ಮೊದಲು ಸಿಗುವುದು ಮನೆಯ ಹಳೆಯ ಸ್ಕೂಟರ್. ಅದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅವರಿಂದಲೇ ಪರೀಕ್ಷೆ ಮಾಡಿಸುತ್ತೇನೆ. ಹೆಲ್ಮೆಟ್‌ನಲ್ಲಿ ಐಎಸ್‌ಐ ಗುರುತು ನೋಡಿ, ಗಲ್ಲದ ಪಟ್ಟಿ ಬಿಗಿದಿದ್ದೇನೆಂದು ತೋರಿಸದವರನ್ನು ಗೆರೆಯ ಬಳಿಗೇ ಬಿಡುವುದಿಲ್ಲ.

ಒಂದು ದಿನ ಕಾಲೇಜಿನ ಬಸ್ಸನ್ನು ನಿಲ್ಲಿಸಿ, ಒಬ್ಬ ಹುಡುಗಿಯನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ಉಳಿದವರು ಬಸ್ಸಿನ ಎಡಬದಿಗೆ ಅಂಟಿಕೊಂಡಂತೆ ನಿಲ್ಲುವಂತೆ ಹೇಳಿದೆ. ಮುಂಬಾಗಿಲಿನ ಹತ್ತಿರವೇ ನಿಂತಿದ್ದ ಮೂವರು ಅವಳಿಗೆ ಕನ್ನಡಿಯಲ್ಲೂ ಕಾಣಲಿಲ್ಲ, ಗಾಜಿನಲ್ಲೂ ಕಾಣಲಿಲ್ಲ. ಸಿಗ್ನಲ್‌ಗಳಲ್ಲಿ ಇವರೆಲ್ಲ ಗಾಡಿ ತೂರಿಸಿಕೊಂಡು ಹೋಗಿ ನಿಲ್ಲುವುದು ಅದೇ ಜಾಗದಲ್ಲಿ.

ಹುಡುಗರಿಗಿಂತ ಪೋಷಕರನ್ನು ಒಪ್ಪಿಸುವುದು ಕಷ್ಟ. "ಟ್ಯೂಷನ್ ಪಕ್ಕದ ರೋಡಲ್ಲೇ ಇದೆ ಸರ್, ಮೇನ್ ರೋಡಿಗೆ ಹೋಗಲ್ಲ" ಎಂದು 16 ವರ್ಷದವರ ತಂದೆತಾಯಿ ಹೇಳುತ್ತಾರೆ. ಆ ವಯಸ್ಸಿಗೆ ಸಿಗುವುದು 50 ಸಿಸಿವರೆಗಿನ ಗೇರ್‌ರಹಿತ ಗಾಡಿಯ ಲೈಸೆನ್ಸ್ ಮಾತ್ರ, ಮನೆಯಲ್ಲಿರುವುದು 110 ಅಥವಾ 125 ಸಿಸಿ ಸ್ಕೂಟರ್. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮನ್ನು ಅವರಿಗೆ ಓದಿ ಹೇಳುತ್ತೇನೆ: ಅಪ್ರಾಪ್ತರು ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಜೈಲಿನ ಮಾತಿಗೆ ಅಲುಗಾಡದವರೂ ಕೊನೆಯದನ್ನು ಕೇಳಿ ಕೀಲಿಕೈ ಎತ್ತಿಟ್ಟುಕೊಂಡದ್ದನ್ನು ಕಂಡಿದ್ದೇನೆ.

ಒದ್ದೆ ರಸ್ತೆಯ ಅಭ್ಯಾಸ ಮಾತ್ರ ಇನ್ನೂ ಬಾಕಿಯಿದೆ. ಆ ಹುಡುಗ ಬಿದ್ದದ್ದು ಅಂಥದ್ದರಲ್ಲೇ. ಈ ಮಳೆಗಾಲಕ್ಕೆ ಮೊದಲು ಆ ದಾರಿಯ ಒಂದು ತುಂಡಿಗೆ ಡ್ರಮ್ಮಿನಿಂದ ನೀರು ಹಾಯಿಸಿ, ಮೀಟರ್‌ನಲ್ಲಿ 20 ದಾಟದಂತೆ ಅದೇ ಗೆರೆ, ಅದೇ ಕಲ್ಲುಗಳನ್ನಿಟ್ಟು ಅಳೆಯಲು ಪ್ರಾಂಶುಪಾಲರ ಅನುಮತಿ ಕೇಳಿದ್ದೇನೆ.